ಊರಿನ ಆಡಳಿತದಲ್ಲಿ ಪದವಿ ವಿದ್ಯಾರ್ಥಿಯ ಪಾಲು



ಇವತ್ತಿನ ಮಾತು ಮುಖ್ಯವಾಗಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುತ್ತಿರುವ ಹುಡುಗ ಹುಡುಗಿಯರಿಗೆ. ಅವರ ಅಪ್ಪ ಅಮ್ಮಂದಿರು, ಮೇಷ್ಟ್ರುಗಳು ಜೊತೆಗೆ ಕೂತು ಕೇಳಿದರೆ ಇನ್ನೂ ಒಳ್ಳೆಯದು. ವಿಷಯ ಇದು: ಪದವಿ ಓದುವಾಗಲೇ ನಿಮ್ಮೂರಿನ ಆಡಳಿತವನ್ನು ಅಧ್ಯಯನ ಮಾಡುವುದು ಹೇಗೆ? ಆ ಅಧ್ಯಯನ ಊರಿನ ಉಪಯೋಗಕ್ಕೆ ಬರುವಂತೆ ಮಾಡುವುದು ಹೇಗೆ?

ನೀತಿ ಸಂಶೋಧನೆ ಅಂದ ಕೂಡಲೇ ದೆಹಲಿ, ಬೆಂಗಳೂರಿನ ದೊಡ್ಡ ಸಂಸ್ಥೆಗಳು ಕಣ್ಣ ಮುಂದೆ ಬರುತ್ತವೆ. ನಮಗ್ಯಾಕೆ ಊರ ಉಸಾಬರಿ, ಮೊದಲು ಡಿಗ್ರಿ ಮುಗಿಸು ಅನ್ನುವ ಮಾತು ಮನೆಯಲ್ಲೂ ಕೇಳಿಬರುತ್ತದೆ. ಆದರೆ ನಾನು ಹೇಳಬೇಕೆಂದಿರುವುದು ಬಹಳ ಸರಳ. ಒಂದು ಚಿಕ್ಕ ಪ್ರಶ್ನೆ ಹಿಡಿಯಿರಿ. ಅಳೆದು, ಎಣಿಸಿ, ಕೇಳಿ ಅದಕ್ಕೆ ಉತ್ತರ ಹುಡುಕಿ. ಆ ಉತ್ತರವನ್ನು ನಿರ್ಧಾರ ಆಗುವ ಸಭೆಗೆ ಸರಿಯಾದ ಹೊತ್ತಿಗೆ ಮುಟ್ಟಿಸಿ. ಇದಕ್ಕೆ ಪಿಎಚ್.ಡಿ. ಬೇಕಿಲ್ಲ. ಒಂದು ನೋಟ್‌ಬುಕ್ಕು, ಒಂದಿಷ್ಟು ತಾಳ್ಮೆ, ಜೊತೆಗೆ ಮೂರ್ನಾಲ್ಕು ಗೆಳೆಯರು ಸಾಕು.

ಮೊದಲು ಹಕ್ಕಿನ ವಿಚಾರ ನೋಡೋಣ. ಪಂಚಾಯಿತಿಗೆ ಹೋದರೆ ನಮ್ಮನ್ನು ಯಾರು ಕೇಳುತ್ತಾರೆ, ನಾವು ಯಾವ ಲೆಕ್ಕಕ್ಕೆ ಎಂಬ ಅಳುಕು ನಿಮಗಿರಬಹುದು. ಆ ಅಳುಕಿಗೆ ಕಾನೂನೇ ಉತ್ತರ ಕೊಟ್ಟಿದೆ. ದೇಶದಲ್ಲಿ ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಅದೇ ವರ್ಷ ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯೂ ಬಂತು. ಈಗ ಅದನ್ನು ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಎನ್ನುತ್ತೇವೆ. ಈ ಕಾನೂನುಗಳ ಪ್ರಕಾರ ಗ್ರಾಮಸಭೆಯ ಸದಸ್ಯರು ಯಾರು? ಆ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ. ಅಂದರೆ 18 ತುಂಬಿ, ಪಟ್ಟಿಯಲ್ಲಿ ಹೆಸರು ಸೇರಿದ ದಿನದಿಂದ ನೀವೂ ಸದಸ್ಯರೇ. ಅರ್ಜಿ ಹಾಕಬೇಕಿಲ್ಲ. ಯಾರೂ ನಿಮ್ಮನ್ನು ನೇಮಿಸಬೇಕಿಲ್ಲ. ಗ್ರಾಮಸಭೆಗೆ ನೀವು ಪ್ರೇಕ್ಷಕರಾಗಿ ಹೋಗುವುದಿಲ್ಲ, ಸದಸ್ಯರಾಗಿ ಹೋಗುತ್ತೀರಿ.

ಇನ್ನೊಂದು ಮಾತು. 21 ತುಂಬಿದರೆ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಲ್ಲಲೂಬಹುದು. ಅಂತಿಮ ವರ್ಷದ ಪದವಿಯಲ್ಲಿ ಇರುವ ಎಷ್ಟೋ ಮಂದಿಗೆ ಅಷ್ಟು ವಯಸ್ಸಾಗಿರುತ್ತದೆ. ನಮ್ಮಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಿದ್ದಾರೆ. ರಾಜ್ಯದಲ್ಲಿ ಸುಮಾರು 6,000 ಗ್ರಾಮ ಪಂಚಾಯಿತಿಗಳಿವೆ. ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಸರ್ಕಾರದ ಮೆಟ್ಟಿಲುಗಳಲ್ಲಿ ನಿಮ್ಮ ಮನೆ ಬಾಗಿಲಿಗೆ ತೀರ ಹತ್ತಿರವಿರುವುದು ಇದೇ.

ಕರ್ನಾಟಕಕ್ಕೆ ಈ ವಿಚಾರದಲ್ಲಿ ಒಂದು ಪರಂಪರೆಯೂ ಇದೆ. ರಾಮಕೃಷ್ಣ ಹೆಗಡೆಯವರ ಸಂಪುಟದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಹಳಬರು ನೀರ್ ಸಾಬ್ ಎಂದೇ ನೆನೆಯುತ್ತಾರೆ. ಬರದ ಊರುಗಳಲ್ಲಿ ಕೊಳವೆಬಾವಿ ಕೊರೆಸಿದವರು ಅವರು. ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳ 1983ರ ಕಾಯ್ದೆಯ ಹಿಂದೆ ದುಡಿದವರೂ ಅವರೇ. ಆ ಕಾಯ್ದೆಯ ಪ್ರಕಾರ 1987ರಲ್ಲಿ ಚುನಾವಣೆ ನಡೆಯಿತು. ಆಗಲೇ ಮಹಿಳೆಯರಿಗೆ ಕಾಲು ಭಾಗ ಸ್ಥಾನ ಮೀಸಲಿತ್ತು. ದೇಶಕ್ಕೆ 73ನೇ ತಿದ್ದುಪಡಿ ಬರುವ ಮುಂಚೆಯೇ ನಮ್ಮ ಹಳ್ಳಿಗಳು ಈ ಪಾಠ ಶುರುಮಾಡಿದ್ದವು.

ಇಲ್ಲಿಯವರೆಗೆ ಹೇಳಿದ್ದು, ಊರಿನ ಆಡಳಿತದಲ್ಲಿ ನಿಮಗೆ ಆಗಲೇ ಒಂದು ಜಾಗವಿದೆ ಎಂದು. ಈಗ ಮುಂದಿನ ಮಾತು: ಆ ಜಾಗದಲ್ಲಿ ನಿಂತು ಕೇಳಬೇಕಾದ ಪ್ರಶ್ನೆ ಯಾವುದು?

ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಇಲ್ಲಿ. "ಗ್ರಾಮೀಣಾಭಿವೃದ್ಧಿ: ಸಮಸ್ಯೆಗಳು ಮತ್ತು ಪರಿಹಾರಗಳು" ಎಂದು ತಲೆಬರಹ ಹಾಕಿ ಪ್ರಾಜೆಕ್ಟ್ ಬರೆಯುತ್ತಾರೆ. ಅಂಥ ವರದಿಗೆ ಅಂಕ ಸಿಗುತ್ತದೆ. ಊರಿಗೆ ಏನೂ ಸಿಗುವುದಿಲ್ಲ. ಒಳ್ಳೆಯ ಪ್ರಶ್ನೆಗೆ ಮೂರು ಗುಣ ಇರಬೇಕು. ಅದು ಚಿಕ್ಕದಾಗಿರಬೇಕು. ಎಣಿಸಲು ಅಥವಾ ಅಳೆಯಲು ಬರಬೇಕು. ಉತ್ತರ ಕೊಡುವ ಅಧಿಕಾರ ಯಾರೋ ಒಬ್ಬರ ಕೈಯಲ್ಲಿ ಇರಬೇಕು.

ಒಂದು ಉದಾಹರಣೆ ತೆಗೆದುಕೊಂಡು ಸ್ವಲ್ಪ ನಿಧಾನವಾಗಿ ನೋಡೋಣ. ನಲ್ಲಿ ನೀರು. ಜಲ ಜೀವನ್ ಮಿಷನ್ ಶುರುವಾದದ್ದು 2019ರಲ್ಲಿ. ಅದರ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ಐದು ಜನರ ಮನೆಗೆ ದಿನಕ್ಕೆ 275 ಲೀಟರ್ ಆಯಿತು. 20 ಲೀಟರಿನ ಬಕೆಟ್ಟಿನಲ್ಲಿ ಹೇಳುವುದಾದರೆ ಸುಮಾರು 14 ಬಕೆಟ್. ಈ ಸಂಖ್ಯೆ ನೆನಪಿಡಿ: 14 ಬಕೆಟ್.

ಈಗ ನಿಮ್ಮ ಬೀದಿಗೆ ಬನ್ನಿ. ಕೈಯಲ್ಲಿ ಬಕೆಟ್ ಇದೆ, ಮೊಬೈಲಿನಲ್ಲಿ ಗಡಿಯಾರ ಇದೆ. ಟ್ಯಾಂಕಿನ ಪಕ್ಕದ ಮನೆಯ ನಲ್ಲಿ ತಿರುಗಿಸಿದರೆ ಬಕೆಟ್ ಎರಡು ನಿಮಿಷಕ್ಕೆ ತುಂಬಿತು ಅಂದುಕೊಳ್ಳಿ. ಬೀದಿಯ ಕೊನೆಯ ಮನೆಯಲ್ಲಿ ಎಂಟು ನಿಮಿಷ ಹಿಡಿಯಿತು ಅಂದುಕೊಳ್ಳಿ. ದಿನಕ್ಕೆ ನೀರು ಬಿಡುವುದು ಒಂದು ಗಂಟೆ. ಮೊದಲ ಮನೆಗೆ 30 ಬಕೆಟ್. ಕೊನೆಯ ಮನೆಗೆ ಏಳೂವರೆ. ಒಂದೇ ಟ್ಯಾಂಕು, ಒಂದೇ ಪೈಪು, ಒಂದೇ ಗಂಟೆ. ಮೊದಲ ಮನೆಗೆ ಬೇಕಾದ್ದಕ್ಕಿಂತ ಎರಡು ಪಟ್ಟು ಬಂತು. ಕೊನೆಯ ಮನೆಗೆ ಬೇಕಾದ್ದರಲ್ಲಿ ಅರ್ಧ ಮಾತ್ರ ಬಂತು.

ಊರಿನಲ್ಲಿ ಕೇಳಿದರೆ ಎಲ್ಲರೂ ಏನನ್ನುತ್ತಾರೆ? ನೀರಿಲ್ಲ, ಇನ್ನೊಂದು ಬೋರ್ ಕೊರೆಸಿ ಅನ್ನುತ್ತಾರೆ. ನಿಮ್ಮ ಲೆಕ್ಕ ಬೇರೆಯೇ ಹೇಳುತ್ತದೆ. ನೀರಿದೆ, ಹಂಚಿಕೆ ಸರಿಯಿಲ್ಲ. ಅಂದ ಮೇಲೆ ಪರಿಹಾರವೂ ಬೇರೆ. ಹೊಸ ಕೊಳವೆಬಾವಿಗೆ ಲಕ್ಷಗಟ್ಟಲೆ ದುಡ್ಡು ಬೇಕು. ವಾಲ್ವ್ ತಿರುಗಿಸುವ ಸರದಿ ಬದಲಾಯಿಸುವುದಕ್ಕೆ ಅಷ್ಟು ಬೇಡ. ನೀತಿ ಸಂಶೋಧನೆ ಎಂದು ದೊಡ್ಡ ಸಂಸ್ಥೆಗಳು ಕರೆಯುವುದು ಇದನ್ನೇ. ಸಮಸ್ಯೆ ಎಲ್ಲಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳುವುದು, ಆಮೇಲೆ ಖರ್ಚಿನ ಮಾತು.

ಈ ಅಳತೆಯಲ್ಲಿ ನಿಮಗೆ ಮೊದಲು ಬೇಕಾದ ಗುರು ಊರಿನ ನೀರುಗಂಟಿ. ಯಾವ ವಾಲ್ವ್ ಯಾವ ಓಣಿಗೆ, ಕರೆಂಟ್ ಎಷ್ಟು ಹೊತ್ತಿಗೆ ಬರುತ್ತದೆ, ಪೈಪ್ ಎಲ್ಲಿ ಒಡೆದಿದೆ, ಇದೆಲ್ಲ ಅವರ ಬಾಯಲ್ಲಿರುತ್ತದೆ. ಕಾಗದದಲ್ಲಿ ಇರುವುದಿಲ್ಲ. ಅವರ ಜೊತೆ ಒಂದು ಬೆಳಿಗ್ಗೆ ನಡೆಯಿರಿ. ಆದರೆ ಒಂದು ಎಚ್ಚರಿಕೆ ಇದೆ. ವರದಿಯಲ್ಲಿ ಅವರನ್ನೇ ಅಪರಾಧಿ ಮಾಡಬೇಡಿ. ವಾಲ್ವಿನ ಸರದಿಯನ್ನು ಅವರೊಬ್ಬರೇ ತೀರ್ಮಾನಿಸಿರುವುದಿಲ್ಲ. ತೀರ ಕೆಳಗಿನ ಸಂಬಳದ ನೌಕರನ ಮೇಲೆ ತಪ್ಪು ಹೊರಿಸಿ ಕೈ ತೊಳೆದುಕೊಳ್ಳುವ ವರದಿ ಸುಲಭ. ಅದರಿಂದ ಊರಿಗೆ ಏನೂ ದಕ್ಕುವುದಿಲ್ಲ.

ಇದೇ ರೀತಿ ಒಬ್ಬೊಬ್ಬರು ತಮ್ಮ ಓದಿಗೆ ತಕ್ಕ ಪ್ರಶ್ನೆ ಹಿಡಿಯಬಹುದು. ಕೆಮಿಸ್ಟ್ರಿ ಓದುವವರು ಕುಡಿಯುವ ನೀರಿನ ಫ್ಲೋರೈಡ್ ನೋಡಬಹುದು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಪಾವಗಡ, ಮುಂಡರಗಿ, ಕೋಲಾರದ ಕಡೆಯವರಿಗೆ ಇದರ ನೋವು ಗೊತ್ತು. ಬಾಟನಿಯವರಿಗೆ ಬೇರೆ ಕೆಲಸವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಮರ, ತಳಿಗಳ ದಾಖಲೆ ಪುಸ್ತಕವನ್ನು ಆ ಸಮಿತಿ ಇಡಬೇಕು. ನಿಮ್ಮ ಊರಿನಲ್ಲಿ ಆ ಪುಸ್ತಕ ಇದೆಯೇ, ಯಾರು ಬರೆದರು, ಅದರಲ್ಲಿ ನಿಮ್ಮ ಅಜ್ಜಿಗೆ ಗೊತ್ತಿರುವ ಸೊಪ್ಪುಗಳು ಸೇರಿವೆಯೇ, ನೋಡಿ. ಬಿ.ಕಾಂ. ಓದುವವರಿಗೆ ಪಂಚಾಯಿತಿಯ ಲೆಕ್ಕವೇ ಪಠ್ಯ. ಕನ್ನಡ ಸಾಹಿತ್ಯದವರು ಜನರ ಮಾತನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬಹುದು. ಎಷ್ಟೋ ಸಲ ವರದಿಯನ್ನು ಎಲ್ಲರಿಗೂ ಅರ್ಥವಾಗುವ ಹಾಗೆ ಬರೆಯುವವರೇ ತಂಡದಲ್ಲಿ ಇರುವುದಿಲ್ಲ.

ಹಾಗಾದರೆ ಮೊದಲು ಹಕ್ಕು, ಆಮೇಲೆ ಅಳೆಯಲು ಬರುವ ಚಿಕ್ಕ ಪ್ರಶ್ನೆ. ಈಗ ಮೂರನೆಯ ಮಾತಿಗೆ ಬರೋಣ. ಉತ್ತರ ಎಲ್ಲಿ ಸಿಗುತ್ತದೆ? ಎರಡು ಕಡೆ ಸಿಗುತ್ತದೆ. ಕಡತದಲ್ಲಿ, ಮತ್ತು ಜನರಲ್ಲಿ.

ಮೊದಲು ಕಡತ. ಪಂಚಾಯಿತಿಯ ಆಯವ್ಯಯ, ತೆರಿಗೆಯ ಬೇಡಿಕೆ, ವಸೂಲಿ, ಬಾಕಿ, ಕಾಮಗಾರಿಗಳ ಪಟ್ಟಿ, ಸಭೆಯ ನಡವಳಿ, ಇವೆಲ್ಲ ಸಾರ್ವಜನಿಕ ದಾಖಲೆಗಳು. 2005ರ ಮಾಹಿತಿ ಹಕ್ಕು ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಯಾರೂ ಕೇಳದಿದ್ದರೂ ಇಂಥ ಎಷ್ಟೋ ಮಾಹಿತಿಯನ್ನು ಕಚೇರಿ ತಾನಾಗಿಯೇ ಪ್ರಕಟಿಸಬೇಕು ಎನ್ನುತ್ತದೆ ಅದರ 4ನೇ ಕಲಂ. ಹಾಗಾಗಿ ಮೊದಲ ದಿನವೇ ಅರ್ಜಿ ಬಿಸಾಡಬೇಡಿ. ಮೊದಲು ನೋಟಿಸ್ ಬೋರ್ಡ್ ನೋಡಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು, ಅಂದರೆ ಪಿಡಿಒ ಅವರನ್ನು, ನೇರವಾಗಿ ಕೇಳಿ. ಕಾಲೇಜಿನಿಂದ ಒಂದು ಪತ್ರ ಒಯ್ದರೆ ಮಾತು ಸಲೀಸಾಗುತ್ತದೆ.

ಕೊಡದಿದ್ದರೆ ಆಗ ಅರ್ಜಿ. ಶುಲ್ಕ ಹತ್ತು ರೂಪಾಯಿ. ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಇದನ್ನು ತೊಡಕು ಎಂದು ಬಯ್ಯುವವರಿದ್ದಾರೆ. ಬಯ್ಯಲು ಕಾರಣವೂ ಇದೆ. ಆದರೆ ಪದವಿ ವಿದ್ಯಾರ್ಥಿಗೆ ಇದೊಂದು ಒಳ್ಳೆಯ ಕಸರತ್ತು. ನಿಮಗೆ ಬೇಕಾದ್ದೇನು ಎಂದು 150 ಪದಗಳಲ್ಲಿ ಹೇಳಲು ಬಾರದಿದ್ದರೆ ನಿಮ್ಮ ಪ್ರಶ್ನೆಯೇ ಇನ್ನೂ ತಿಳಿಯಾಗಿಲ್ಲ ಎಂದು ಅರ್ಥ. ಇನ್ನೊಂದು ವಿಚಾರ ಬಹಳ ಜನರಿಗೆ ಗೊತ್ತಿಲ್ಲ. ಕಡತದ ನಕಲು ಕೇಳುವುದಷ್ಟೇ ಅಲ್ಲ, ಕಚೇರಿಯಲ್ಲಿ ಕೂತು ಕಡತ ನೋಡುವ ಹಕ್ಕೂ ಇದೇ ಕಾಯ್ದೆಯಲ್ಲಿ ಇದೆ.

ಲೆಕ್ಕಕ್ಕೆಂದೇ ಮೀಸಲಾದ ಒಂದು ದಿನವೂ ಇದೆ. ಅದು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಮ್ಮ ಪಂಚಾಯಿತಿಗಳಲ್ಲಿ ಇದು ನಡೆಯುತ್ತದೆ. ಹಿಂದಿನ ವರ್ಷ ಬಂದ ಹಣ ಎಷ್ಟು, ಖರ್ಚಾದದ್ದು ಎಷ್ಟು, ಆದ ಕೆಲಸ ಯಾವುದು, ಎಲ್ಲವನ್ನೂ ಜನರ ಎದುರು ಇಡಬೇಕು. ಕಾಮಗಾರಿಯ ಜಾಗಕ್ಕೆ ಹೋಗಿ ನೋಡುವ ಅವಕಾಶವೂ ಇದೆ. ಹಲವು ಕಡೆ ಇದು ನಾಲ್ಕು ಜನ ಸೇರಿ ಸಹಿ ಹಾಕಿ ಎದ್ದುಹೋಗುವ ಶಾಸ್ತ್ರವಾಗಿದೆ. ಅಲ್ಲಿ ಹತ್ತು ಜನ ಬಿ.ಕಾಂ. ವಿದ್ಯಾರ್ಥಿಗಳು ಅಳತೆ ಟೇಪು ಹಿಡಿದು ಕೂತರೆ ಏನಾಗಬಹುದು, ನೀವೇ ಊಹಿಸಿ. ಪುಸ್ತಕದಲ್ಲಿ ಚರಂಡಿ 100 ಮೀಟರ್. ನೆಲದ ಮೇಲೆ ಎಷ್ಟು? ಇದು ಬಹಳ ವಿನಯದಿಂದ ಕೇಳಬಹುದಾದ ಪ್ರಶ್ನೆ.

ಕಡತದ ಮಾತಾಯಿತು. ಇನ್ನು ಜನರ ಮಾತು. ಇದಕ್ಕೆ ನಮ್ಮ ಬೆಂಗಳೂರಿನದೇ ಒಂದು ದೊಡ್ಡ ಉದಾಹರಣೆ ಇದೆ. ಅಹಮದಾಬಾದಿನ ಐಐಎಂ ನಿರ್ದೇಶಕರಾಗಿದ್ದ ಸ್ಯಾಮ್ಯುಯೆಲ್ ಪಾಲ್ ಅವರು 1990ರ ದಶಕದ ಆರಂಭದಲ್ಲಿ ಒಂದು ಸಮೀಕ್ಷೆ ಮಾಡಿಸಿದರು. ಮಕ್ಕಳಿಗೆ ಶಾಲೆಯಲ್ಲಿ ಅಂಕಪಟ್ಟಿ ಕೊಡುವ ಹಾಗೆ ನಾಗರಿಕರೇ ಸರ್ಕಾರಿ ಸೇವೆಗಳಿಗೆ ಅಂಕ ಕೊಟ್ಟರು. ನೀರು, ವಿದ್ಯುತ್, ದೂರವಾಣಿ, ಪಾಲಿಕೆ, ಹೀಗೆ ಒಂದೊಂದು ಸಂಸ್ಥೆಯ ಬಗ್ಗೆಯೂ ಕೇಳಿದರು. ಕೆಲಸ ಆಯಿತೇ? ಎಷ್ಟು ಸಲ ಅಲೆದಿರಿ? ಲಂಚ ಕೊಡಬೇಕಾಯಿತೇ? ಬಂದ ಅಂಕಗಳು ಬಹಳ ಕಡಿಮೆ. ಅದನ್ನು ಪತ್ರಿಕೆಗಳು ಪ್ರಕಟಿಸಿದವು. ಮುಂದೆ 1999ರಲ್ಲಿ, ಮತ್ತೆ 2003ರಲ್ಲಿ ಅದೇ ಸಮೀಕ್ಷೆ ಪುನಃ ನಡೆಯಿತು. ಅಂಕಗಳು ಮೇಲೇರಿದವು. ಅಧಿಕಾರಿಗಳು ಆ ಅಂಕಪಟ್ಟಿಯನ್ನು ಎದುರಿಟ್ಟುಕೊಂಡು ಚರ್ಚೆ ಮಾಡುವ ಕಾಲ ಬಂತು. ಬೇರೆ ದೇಶಗಳೂ ಈ ಕ್ರಮವನ್ನು ಅನುಸರಿಸಿದವು.

ಇದರಲ್ಲಿ ನಿಮಗೆರಡು ಪಾಠವಿದೆ. ಒಂದು, ಸೇವೆ ಪಡೆಯುವವರನ್ನೇ ಕೇಳಿ. ಎರಡು, ಒಂದೇ ಪ್ರಶ್ನೆಯನ್ನು ವರ್ಷ ಬಿಟ್ಟು ವರ್ಷ ಕೇಳಿ. ನಿಮ್ಮ ಪದವಿ ಮೂರು ವರ್ಷಕ್ಕೆ ಮುಗಿಯುತ್ತದೆ. ಪಂಚಾಯಿತಿಯ ಅವಧಿ ಐದು ವರ್ಷ. ನೀವು ಹೋದ ಮೇಲೆ ಕೆಲಸ ನಿಲ್ಲಬಾರದು. ಆದ್ದರಿಂದ ಅಳತೆಯ ಪುಸ್ತಕವನ್ನು ಜೂನಿಯರ್‌ಗಳ ಕೈಗೆ ಕೊಟ್ಟು ಹೋಗಿ. ಅದು ನಿಮ್ಮ ವಿಭಾಗದ ಕಪಾಟಿನಲ್ಲಿ ಇರಲಿ.

ಜನರನ್ನು ಕೇಳುವಾಗ ಯಾರನ್ನು ಕೇಳುತ್ತೀರಿ ಎನ್ನುವುದು ಬಹಳ ಮುಖ್ಯ. ನಮ್ಮ ದೊಡ್ಡ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದು ಅಧ್ಯಯನ ಮಾಡಿದರು. ಪುಸ್ತಕದಲ್ಲಿ ಆ ಊರಿಗೆ ರಾಮಪುರ ಎಂದು ಹೆಸರಿಟ್ಟರು. ಅವರು ಉಳಿದುಕೊಂಡದ್ದು ಊರಿನ ಮುಖಂಡರ ಆಶ್ರಯದಲ್ಲಿ. ತಮಗೆ ಕಂಡದ್ದು ಹೆಚ್ಚಾಗಿ ಮೇಲ್ಜಾತಿಯವರ ಕಡೆಯಿಂದ ಕಂಡ ಊರು ಎಂಬುದನ್ನು ಅವರೇ ಮುಂದೆ ಒಪ್ಪಿ ಬರೆದರು. ಅಷ್ಟು ದೊಡ್ಡ ವಿದ್ವಾಂಸರಿಗೇ ಹಾಗಾದರೆ ನಮ್ಮ ಪಾಡೇನು? ಆದ್ದರಿಂದ ಪಟ್ಟಿ ಮಾಡುವಾಗಲೇ ಎಚ್ಚರ ಇರಲಿ. ಅರಳಿಕಟ್ಟೆಯ ಮೇಲೆ ಕೂತವರನ್ನಷ್ಟೇ ಕೇಳಿ ಬರಬೇಡಿ. ಕೇರಿಗೆ ಹೋಗಿ. ತಾಂಡಾ ಇದ್ದರೆ ತಾಂಡಾಕ್ಕೆ ಹೋಗಿ. ನೀರಿನ ಪ್ರಶ್ನೆಯನ್ನು ನೀರು ಹೊರುವವರನ್ನೇ ಕೇಳಿ. ತಂಡದಲ್ಲಿ ಹುಡುಗಿಯರು ಇರಲೇಬೇಕು, ಇಲ್ಲದಿದ್ದರೆ ಅರ್ಧ ಊರಿನ ಉತ್ತರ ನಿಮಗೆ ಸಿಗುವುದೇ ಇಲ್ಲ.

ಶ್ರೀನಿವಾಸ್ ಅವರಿಂದ ಇನ್ನೊಂದು ಪಾಠವೂ ಇದೆ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರಿದ್ದ ಸಂಸ್ಥೆಗೆ ಕಿಡಿಗೇಡಿಗಳು ಬೆಂಕಿ ಇಟ್ಟರು. ವರ್ಷಗಟ್ಟಲೆ ಪರಿಷ್ಕರಿಸಿದ ಟಿಪ್ಪಣಿಗಳು ಸುಟ್ಟುಹೋದವು. ಅವರು ನೆನಪಿನಿಂದಲೇ ಪುಸ್ತಕ ಬರೆದರು. ಅಂಥ ನೆನಪು ನಮ್ಮೆಲ್ಲರಿಗೂ ಇರುವುದಿಲ್ಲ. ಟಿಪ್ಪಣಿಯ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಮತ್ತೆ, ಅವರು ಊರಿನ ಹೆಸರನ್ನೇ ಬದಲಿಸಿದ ಹಾಗೆ, ನೀವೂ ಮಾಹಿತಿ ಕೊಟ್ಟವರ ಹೆಸರನ್ನು ವರದಿಯಲ್ಲಿ ಹಾಕಬೇಡಿ. ನೀವು ನಾಳೆ ಕಾಲೇಜಿಗೆ ಹೋಗುತ್ತೀರಿ. ಲಂಚ ಕೊಟ್ಟೆ ಎಂದು ನಿಮಗೆ ಹೇಳಿದ ಅಜ್ಜಿ ಅದೇ ಊರಿನಲ್ಲಿ ಬದುಕಬೇಕು.

ಇಲ್ಲಿಯವರೆಗೆ ಹಕ್ಕು, ಪ್ರಶ್ನೆ, ಉತ್ತರ ಮೂರೂ ಆದವು. ಇನ್ನು ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಉತ್ತರವನ್ನು ಯಾವ ಸಭೆಗೆ, ಯಾವಾಗ ಒಯ್ಯಬೇಕು?

ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆಗಳು ನಡೆಯಬೇಕು. ಚುನಾಯಿತ ಮಂಡಳಿ ಇರಲಿ, ಅವಧಿ ಮುಗಿದು ಆಡಳಿತಾಧಿಕಾರಿ ಬಂದಿರಲಿ, ಗ್ರಾಮಸಭೆ ಗ್ರಾಮಸಭೆಯೇ. ಅದರ ಸದಸ್ಯತ್ವಕ್ಕೆ ಅವಧಿ ಮುಗಿಯುವುದಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಹೋಯಿತು. ಅಂಥ ಕಾಲದಲ್ಲಂತೂ ಗ್ರಾಮಸಭೆಯ ಬೆಲೆ ಹೆಚ್ಚು.

ಸಾಮಾನ್ಯವಾಗಿ ಗ್ರಾಮಸಭೆ ಹೇಗಿರುತ್ತದೆ? ಶಾಮಿಯಾನದ ಕೆಳಗೆ ಮೈಕು ಕಿರುಗುಟ್ಟುತ್ತದೆ. ನೋಡಲ್ ಅಧಿಕಾರಿ ಸ್ವಾಗತ ಹೇಳುತ್ತಾರೆ. ಇಲಾಖೆಗೊಬ್ಬರು ಎದ್ದು ತಮ್ಮ ತಮ್ಮ ಯೋಜನೆಗಳನ್ನು ಓದುತ್ತಾರೆ. ಜನ ಮನೆ ಪಟ್ಟಿಗಾಗಿ ಕಾಯುತ್ತಾರೆ. ಪಟ್ಟಿ ಬಂತೆಂದರೆ ಗದ್ದಲ. ಅದು ಮುಗಿದರೆ ಕುರ್ಚಿಗಳು ಖಾಲಿ. ಈ ಗದ್ದಲದಲ್ಲಿ ಎದ್ದು ನಿಂತು ಭಾಷಣ ಮಾಡಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಕ್ರಮ ಬೇರೆ ಇರಲಿ. ವರದಿ ಎರಡೇ ಪುಟ. ಮೊದಲ ಪುಟದಲ್ಲಿ ಅಳೆದದ್ದು ಏನು, ಕಂಡದ್ದು ಏನು. ಎರಡನೇ ಪುಟದಲ್ಲಿ ಬೇಡಿಕೆ ಒಂದೇ. ಸಭೆಗೆ ವಾರ ಮುಂಚೆಯೇ ನಿಮ್ಮ ವಾರ್ಡಿನ ಸದಸ್ಯರಿಗೆ, ಪಿಡಿಒ ಅವರಿಗೆ ಪ್ರತಿ ಕೊಡಿ. ಅವರಿಗೆ ಸಭೆಯಲ್ಲಿ ಅನಿರೀಕ್ಷಿತ ಅವಮಾನ ಆಗಬಾರದು. ಅವಮಾನವಾದವರು ಕೆಲಸ ಮಾಡುವುದಿಲ್ಲ, ಹಟ ಮಾಡುತ್ತಾರೆ. ಸಭೆಯಲ್ಲಿ ಎರಡು ನಿಮಿಷ ಮಾತಾಡಿ. "ನಮ್ಮ ಬೀದಿಯ ಕೊನೆಯ ಮನೆಗಳಿಗೆ ಏಳೂವರೆ ಬಕೆಟ್ ಬರುತ್ತದೆ, ಬರಬೇಕಾದ್ದು 14" ಎಂದರೆ ಸಾಕು. ಅದು ಎಲ್ಲರಿಗೂ ಅರ್ಥವಾಗುತ್ತದೆ. ಕೊನೆಗೆ, ಇದನ್ನು ನಡವಳಿಯಲ್ಲಿ ದಾಖಲಿಸಿ ಎಂದು ಕೇಳಿ. ನಡವಳಿ ಪುಸ್ತಕಕ್ಕೆ ಹೋಗದ ಮಾತು ಶಾಮಿಯಾನದ ಜೊತೆಗೇ ಎದ್ದುಹೋಗುತ್ತದೆ.

ಕಾಲದ ಲೆಕ್ಕವೂ ಬೇಕು. ಮುಂದಿನ ವರ್ಷದ ಪಂಚಾಯಿತಿ ಯೋಜನೆಯನ್ನು ನಮ್ಮಲ್ಲಿ 'ನಮ್ಮ ಗ್ರಾಮ ನಮ್ಮ ಯೋಜನೆ' ಎನ್ನುತ್ತಾರೆ. ಅದರ ತಯಾರಿ ಹೆಚ್ಚಾಗಿ ಗಾಂಧಿ ಜಯಂತಿಯ ಆಸುಪಾಸಿನಲ್ಲಿ ಶುರುವಾಗುತ್ತದೆ. ನಿಮ್ಮ ವರದಿ ಮಾರ್ಚಿನಲ್ಲಿ ಬಂದರೆ ಅಷ್ಟು ಹೊತ್ತಿಗೆ ಯೋಜನೆ ಮುಗಿದಿರುತ್ತದೆ. ಆದ್ದರಿಂದ ಅಳತೆ ಮಳೆಗಾಲದೊಳಗೆ ಆಗಲಿ. ವರದಿ ದಸರೆಗೆ ಸಿದ್ಧವಾಗಲಿ. ಹಣದ ಕಟ್ಟುಪಾಡೂ ಗೊತ್ತಿರಲಿ. 2021ರಿಂದ ಐದು ವರ್ಷಗಳ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಭಾಗ ನೀರು ಮತ್ತು ನೈರ್ಮಲ್ಯಕ್ಕೆಂದೇ ಇತ್ತು. ಯಾವ ಹಣ ಯಾವ ಕೆಲಸಕ್ಕೆ ಬರುತ್ತದೆ ಎಂದು ತಿಳಿದು ಕೇಳಿದವರಿಗೆ, ಹಣವಿಲ್ಲ ಎಂದು ಸುಲಭವಾಗಿ ಹೇಳಿ ಕಳಿಸಲಾಗುವುದಿಲ್ಲ.

ಕೇಳುವ ಬಾಗಿಲು ಸರಿಯಿದೆಯೇ ಎಂದೂ ನೋಡಿ. ಕಾಲೇಜಿನ ಹೊತ್ತಿಗೆ ಬಸ್ ಇಲ್ಲ ಎಂಬ ದೂರಿಗೆ ಪಂಚಾಯಿತಿ ಉತ್ತರ ಕೊಡಲಾರದು. ಅದು ಸಾರಿಗೆ ಸಂಸ್ಥೆಯ ಡಿಪೋಗೆ ಹೋಗಬೇಕು. ಪಂಚಾಯಿತಿ ಬೆಂಬಲದ ನಿರ್ಣಯ ಕೊಡಬಹುದು, ಅಷ್ಟೆ. ಎಷ್ಟು ಮಂದಿ, ಯಾವ ನಿಲ್ದಾಣದಲ್ಲಿ, ಎಷ್ಟು ಹೊತ್ತು ಕಾಯುತ್ತಾರೆ ಎಂದು ಹತ್ತು ದಿನ ಎಣಿಸಿ ಕೊಟ್ಟರೆ ಡಿಪೋದವರಿಗೂ ವೇಳಾಪಟ್ಟಿ ಬದಲಿಸಲು ಒಂದು ಆಧಾರ ಸಿಗುತ್ತದೆ.

ಪಟ್ಟಣದಲ್ಲಿ ಇರುವವರು ನಮಗೆ ಗ್ರಾಮಸಭೆ ಇಲ್ಲವಲ್ಲ ಅನ್ನಬೇಡಿ. ಪುರಸಭೆ, ನಗರಸಭೆಗಳು ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಸಲಹಾ ಸಭೆ ಕರೆಯುತ್ತವೆ. ಪತ್ರಿಕೆಯ ಮೂಲೆಯಲ್ಲಿ ಅದರ ಪ್ರಕಟಣೆ ಬರುತ್ತದೆ. ದೊಡ್ಡ ನಗರಗಳಲ್ಲಿ ವಾರ್ಡ್ ಸಮಿತಿಗಳಿಗೆ ಕಾನೂನಿನಲ್ಲೇ ಜಾಗವಿದೆ. ಬೆಂಗಳೂರಿನಲ್ಲಿ 2025ರಲ್ಲಿ ಒಂದು ಪಾಲಿಕೆ ಹೋಗಿ ಐದು ಪಾಲಿಕೆಗಳು ಬಂದವು. ಹೊಸ ವ್ಯವಸ್ಥೆ ನೆಲೆಯೂರುವ ಇಂಥ ಹೊತ್ತಿನಲ್ಲಿ ಒಂದು ವಾರ್ಡಿನ ಕಾಲುದಾರಿ, ಕಸ, ಚರಂಡಿಗಳ ಲೆಕ್ಕ ಬರೆದಿಟ್ಟರೆ ಮುಂದಿನ ಹತ್ತು ವರ್ಷಕ್ಕೆ ಅದು ಆಧಾರವಾಗುತ್ತದೆ.

ಕೇಳುಗರೇ, ಈವರೆಗಿನ ಮಾತು ವಿದ್ಯಾರ್ಥಿಗಳಿಗಾಯಿತು. ಕೊನೆಯದಾಗಿ ಕಾಲೇಜುಗಳಿಗೆ ಎರಡು ಮಾತು.

ನಮ್ಮಲ್ಲಿ ರಾಷ್ಟ್ರೀಯ ಸೇವಾ ಯೋಜನೆ 1969ರಿಂದ ಇದೆ. ಪ್ರತಿ ಸ್ವಯಂಸೇವಕ ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು. ಏಳು ದಿನದ ಶಿಬಿರವೂ ಇರುತ್ತದೆ. ಶಿಬಿರದಲ್ಲಿ ಗುಡಿಯ ಅಂಗಳ ಗುಡಿಸುತ್ತೇವೆ, ಗಿಡ ನೆಡುತ್ತೇವೆ, ಜಾಥಾ ಹೋಗುತ್ತೇವೆ. ಅದೂ ಒಳ್ಳೆಯದೇ. ಆ 120 ಗಂಟೆಗಳಲ್ಲಿ 40 ಗಂಟೆಯನ್ನು ಇಂಥ ಅಳತೆಗೆ, ದಾಖಲೆಗೆ, ಗ್ರಾಮಸಭೆಗೆ ಕೊಟ್ಟು ನೋಡಿ. ಪ್ರತಿ ವರ್ಷ ಬೇರೆ ಬೇರೆ ಊರಿಗೆ ಹೋಗುವ ಬದಲು ಐದು ವರ್ಷ ಒಂದೇ ಪಂಚಾಯಿತಿಯ ಜೊತೆ ಇರಿ. ಮೇಷ್ಟ್ರುಗಳು ಪ್ರಾಜೆಕ್ಟ್ ವರದಿಗೆ ಅಂಕ ಕೊಡುವಾಗ ಒಂದು ಪ್ರಶ್ನೆ ಸೇರಿಸಲಿ: ಈ ವರದಿಯ ಪ್ರತಿ ಯಾರಿಗೆ ಕೊಟ್ಟಿರಿ? ಮಾಹಿತಿ ಕೊಟ್ಟ ಜನರಿಗೆ ಅದನ್ನು ಓದಿ ಹೇಳಿದಿರಾ? ನಮ್ಮ ಊರುಗಳು ಲೆಕ್ಕವಿಲ್ಲದಷ್ಟು ಸಮೀಕ್ಷೆಗಳಿಗೆ ಉತ್ತರ ಕೊಟ್ಟಿವೆ. ಉತ್ತರ ಪಡೆದುಕೊಂಡು ಹೋದವರು ತಿರುಗಿ ಬಂದು ಫಲಿತಾಂಶ ಹೇಳಿದ್ದು ಅಪರೂಪ.

ಹಾಗೆಯೇ ವಿದ್ಯಾರ್ಥಿಗಳನ್ನು ಬಿಟ್ಟಿ ಗಣತಿದಾರರನ್ನಾಗಿ ಮಾಡಬೇಡಿ. ಯಾವುದೋ ಇಲಾಖೆಯ ಅರ್ಜಿ ನಮೂನೆ ತುಂಬಿಸುವುದು ಸಂಶೋಧನೆಯಲ್ಲ. ಪ್ರಶ್ನೆ ಹುಡುಕುವ ಕೆಲಸದಲ್ಲೂ ಅವರ ಪಾಲಿರಬೇಕು. ಊರಿನ ರಾಜಕೀಯ ಬಿಸಿಯಾದಾಗ, ಗುತ್ತಿಗೆದಾರರ ಕಡೆಯವರು ಗದರಿಸಿದಾಗ ವಿದ್ಯಾರ್ಥಿಯ ಬೆನ್ನಿಗೆ ಕಾಲೇಜು ನಿಲ್ಲಬೇಕು. ನಿಲ್ಲಲು ಆಗದಿದ್ದರೆ ಅವರನ್ನು ಕಳಿಸಬಾರದು.

ನಿರಾಶೆಯ ಮಾತನ್ನೂ ಮುಚ್ಚಿಡಬಾರದು. ವರದಿ ಕೊಟ್ಟ ಮಾತ್ರಕ್ಕೆ ನೀರು ಬರುವುದಿಲ್ಲ. ನಿರ್ಣಯ ಆಗುತ್ತದೆ, ಕೆಲಸ ಆಗುವುದಿಲ್ಲ. ಆಗ ಮುಂದಿನ ಸಭೆಯಲ್ಲಿ ಕೇಳಬೇಕಾದ್ದು ಒಂದೇ ಮಾತು: ಹಿಂದಿನ ಸಭೆಯ ಅನುಪಾಲನಾ ವರದಿ ಓದಿ. ಯಾವ ನಿರ್ಣಯ ಜಾರಿಯಾಯಿತು, ಯಾವುದು ಆಗಲಿಲ್ಲ, ಯಾಕೆ ಎಂದು ಅದರಲ್ಲಿ ಇರಬೇಕು. ಎರಡು ಸಭೆ, ಮೂರು ಸಭೆ ಇದೇ ಪ್ರಶ್ನೆ ಬಂದರೆ ಆ ಊರಿನಲ್ಲಿ ಕೇಳುವವರಿದ್ದಾರೆ ಎಂದು ಕಚೇರಿಗೂ ಗೊತ್ತಾಗುತ್ತದೆ.

ಒಟ್ಟು ಹೇಳಿದ್ದನ್ನು ಇನ್ನೊಮ್ಮೆ ನೆನಪಿಸುತ್ತೇನೆ. ಗ್ರಾಮಸಭೆಗೆ ನೀವು ಆಗಲೇ ಸದಸ್ಯರು. ಪ್ರಶ್ನೆ ಚಿಕ್ಕದಿರಲಿ, ಅಳೆಯಲು ಬರುವಂಥದ್ದಿರಲಿ. ಕಡತವನ್ನೂ ನೋಡಿ, ಜನರನ್ನೂ ಕೇಳಿ. ಉತ್ತರವನ್ನು ಹೊತ್ತಿಗೆ ಸರಿಯಾಗಿ ಸಭೆಗೆ ಒಯ್ದು ನಡವಳಿಯಲ್ಲಿ ಬರೆಸಿ. ಬರೆಸಿದ್ದನ್ನು ಬೆನ್ನು ಹತ್ತಿ.

ಈ ವಾರ ಎರಡು ಕೆಲಸ ಮಾಡಿ. 18 ತುಂಬಿದ್ದರೆ ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ನಮೂನೆ 6 ತುಂಬಿ. ಆಮೇಲೆ ನಿಮ್ಮ ಪಂಚಾಯಿತಿ ಕಚೇರಿಗೆ ಹೋಗಿ ಮುಂದಿನ ಗ್ರಾಮಸಭೆ ಯಾವತ್ತು ಎಂದು ಕೇಳಿ, ತಾರೀಖು ಬರೆದುಕೊಂಡು ಬನ್ನಿ. ಆ ದಿನ ಒಬ್ಬರೇ ಹೋಗಬೇಡಿ. ನಿಮ್ಮ ತರಗತಿಯವರನ್ನೂ, ನಿಮ್ಮ ಅಮ್ಮನನ್ನೂ ಕರೆದುಕೊಂಡು ಹೋಗಿ.